ದೆವ್ವ ಕಂಡಿತು, ಹೆದರಿಕೆ ಹೋಯಿತು: ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ – ದಿ ಘೋಸ್ಟ್ ಡೈಮೆನ್ಷನ್’

‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಸರಣಿಯ ಮೊದಲ ಮೂರು ಚಿತ್ರ ಮೆಚ್ಚಿದವರು 2015ರ ‘ದಿ ಘೋಸ್ಟ್ ಡೈಮೆನ್ಷನ್’ ನೋಡಬೇಕೇ ಎಂದರೆ ನಮ್ಮ ಉತ್ತರ ಬೇಡ ಅಂತಲೇ. ಸರಣಿಯ ಹೆಸರೇ ಕೇಳದವರು ಇದರಿಂದ ಶುರು ಮಾಡುವುದಂತೂ ಬೇಡವೇ ಬೇಡ. ಆದರೆ ಹುಬ್ಬಳ್ಳಿ-ಧಾರವಾಡದ ಕಡೆ ಮೊಬೈಲ್ ಹಿಡಿದು ದೆವ್ವದ ಕಿರುಚಿತ್ರ ಮಾಡುವ ಹುಡುಗರಿದ್ದಾರಲ್ಲ, ಅವರು ಮಾತ್ರ ಇದನ್ನು ಒಂದು ಸಲ ನೋಡಲೇಬೇಕು, ಅದೂ ಮೊದಲನೇ ಮತ್ತು ಮೂರನೇ ಭಾಗ ನೋಡಿದ ಮಾರನೇ ದಿನವೇ. ಒಂದು ಒಳ್ಳೆಯ ಉಪಾಯ ಎಲ್ಲಿ ಕೈತಪ್ಪಿತು ಅನ್ನುವುದು ಇದರಲ್ಲಿ ದೃಶ್ಯ ದೃಶ್ಯಕ್ಕೂ ಗೊತ್ತಾಗುತ್ತದೆ. ಮುಂದೆ ಕಥೆಯ ಕೊನೆಯನ್ನೂ ಹೇಳಿದ್ದೇವೆ, ಗಮನವಿರಲಿ.

ಈ ಸರಣಿಯಂಥ ಫೌಂಡ್ ಫೂಟೇಜ್ ಚಿತ್ರಕ್ಕೆ, ಅಂದರೆ ಎಲ್ಲೋ ಸಿಕ್ಕ ವಿಡಿಯೊ ಅನ್ನುವ ನೆಪದ ಚಿತ್ರಕ್ಕೆ, ಇರುವುದು ಒಂದೇ ಕರಾರು. ತೆರೆಯ ಮೇಲೆ ಬರುವುದೆಲ್ಲ ಕಥೆಯೊಳಗಿನ ಯಾರದೋ ಕ್ಯಾಮೆರಾದಲ್ಲಿ ದಾಖಲಾದದ್ದು ಆಗಿರಬೇಕು. ನಿರ್ದೇಶಕ ತನಗೆ ಬೇಕಾದ ಮೂಲೆಗೆ ಹೋಗಿ ಶಾಟ್ ಇಡುವಂತಿಲ್ಲ, ಹಿನ್ನೆಲೆ ಸಂಗೀತ ಹಾಕುವಂತಿಲ್ಲ, ಬೆಳಕು ಸಾಲದಿದ್ದರೆ ಹಾಗೇ ಬಿಡಬೇಕು. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ಕರಾರನ್ನು ಗಟ್ಟಿಯಾಗಿ ಹಿಡಿದು ಗೆದ್ದಿತು. ಮರುವರ್ಷದ ಅದರ ಎರಡನೇ ಭಾಗ ಕರಾರನ್ನೇ ಬಿಟ್ಟು ಸಾದಾ ಸಿನಿಮಾದ ಹಾಗೆ ಚಿತ್ರೀಕರಿಸಿಕೊಂಡು ಕೆಟ್ಟಿತು. ಕನ್ನಡದಲ್ಲಿ 2013ರ ‘6-5=2’ ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾ ಸಿಕ್ಕಿತು ಅನ್ನುವ ನೆಪ ಇಟ್ಟುಕೊಂಡು ಮೊದಲ ‘ಬ್ಲೇರ್ ವಿಚ್’ನ ದಾರಿ ಹಿಡಿದಿತ್ತು.

ಓರೆನ್ ಪೆಲಿ ಮೊದಲ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯನ್ನು ಸ್ಯಾನ್ ಡಿಯಾಗೋದ ತನ್ನ ಸ್ವಂತ ಮನೆಯಲ್ಲಿ ಸುಮಾರು 15,000 ಡಾಲರ್ ಖರ್ಚಿನಲ್ಲಿ, ಒಂದು ವಾರದಲ್ಲಿ ಚಿತ್ರೀಕರಿಸಿದ. 2007ರಲ್ಲಿ ಚಿತ್ರೋತ್ಸವದಲ್ಲಿ ಕಂಡ ಆ ಚಿತ್ರ 2009ರಲ್ಲಿ ದೊಡ್ಡ ಮಟ್ಟದಲ್ಲಿ ಬಿಡುಗಡೆಯಾಗಿ, ಜಗತ್ತಿನಾದ್ಯಂತ 19 ಕೋಟಿ ಡಾಲರ್ ದಾಟಿತು. ಅದರ ಬಂಡವಾಳವೆಲ್ಲ ಒಂದು ಟ್ರೈಪಾಡಿನ ಮೇಲಿತ್ತು. ಮಂಚದ ಕಾಲಬದಿಗೆ ಕ್ಯಾಮೆರಾ ಇಟ್ಟಿದ್ದಾರೆ, ಮಲಗಿದ ಜೋಡಿ ಕಾಣುತ್ತದೆ, ಪಕ್ಕಕ್ಕೆ ತೆರೆದ ಬಾಗಿಲು, ಬಾಗಿಲಾಚೆ ಕತ್ತಲು ತುಂಬಿದ ಪ್ಯಾಸೇಜ್. ಮೂಲೆಯಲ್ಲಿ ಹೊತ್ತಿನ ಅಂಕಿ ದಡದಡ ಓಡುತ್ತಿರುತ್ತದೆ. ಓಡುತ್ತಿದ್ದದ್ದು ಒಮ್ಮೆಲೇ ಮಾಮೂಲಿ ವೇಗಕ್ಕೆ ಬರುತ್ತದೆ. ಏನೋ ಆಗುವುದಿದೆ ಅಂತ ನೋಡುವವರಿಗೆ ತಿಳಿಯಿತು, ಎಲ್ಲಿ ಅಂತ ತಿಳಿಯಲಿಲ್ಲ. ಕಣ್ಣು ಬಾಗಿಲಿಗೆ ಹೋಗುತ್ತದೆ, ಹೊದಿಕೆಗೆ ಬರುತ್ತದೆ, ಮತ್ತೆ ಆ ಕತ್ತಲಿಗೆ ಹೋಗುತ್ತದೆ. ಆಮೇಲೆ ಬಾಗಿಲು ಒಂದೆರಡು ಗೇಣು ಅಲುಗುತ್ತದೆ, ಅಷ್ಟೇ. ಇನ್ನೊಂದು ರಾತ್ರಿ ಆ ಜೋಡಿಯ ಹೆಣ್ಣು ಕೇಟಿ ನಿದ್ದೆಯಲ್ಲೇ ಎದ್ದು ಮಂಚದ ಪಕ್ಕ ನಿಲ್ಲುತ್ತಾಳೆ. ಅಂಕಿ ಗಂಟೆಗಟ್ಟಲೆ ಓಡುತ್ತದೆ, ಅವಳು ಮಾತ್ರ ನಿಂತೇ ಇರುತ್ತಾಳೆ. ನೆಲಕ್ಕೆ ಚೆಲ್ಲಿದ ಪೌಡರಿನ ಮೇಲೆ ಮನುಷ್ಯರದಲ್ಲದ ಹೆಜ್ಜೆ ಮೂಡುತ್ತದೆ, ಆ ಹೆಜ್ಜೆ ಇಟ್ಟದ್ದು ಯಾವುದು ಅಂತ ಯಾರೂ ತೋರಿಸುವುದಿಲ್ಲ.

2011ರ ಮೂರನೇ ಭಾಗ ಈ ಲೆಕ್ಕವನ್ನು ಇನ್ನೂ ಚೆನ್ನಾಗಿ ಮಾಡಿತು. ಕಥೆ ನಡೆಯುವುದು 1988ರಲ್ಲಿ, ಕೇಟಿ ಮತ್ತು ಅವಳ ತಂಗಿ ಕ್ರಿಸ್ಟಿ ಸಣ್ಣ ಹುಡುಗಿಯರಾಗಿದ್ದಾಗ. ಅವರ ಮನೆಯಲ್ಲಿರುವ ಡೆನ್ನಿಸ್ ಮದುವೆ ವಿಡಿಯೊ ತೆಗೆಯುವ ಉದ್ಯೋಗದವನು, ಹಾಗಾಗಿ ಮನೆಯಲ್ಲಿ ಕ್ಯಾಮೆರಾ ಇರುವುದಕ್ಕೂ, ರಾತ್ರಿಯಿಡೀ ಟೇಪ್ ತಿರುಗುವುದಕ್ಕೂ ಸರಿಯಾದ ಕಾರಣ ಸಿಕ್ಕಿತು. ಅಡುಗೆಮನೆಯನ್ನೂ ಹಾಲನ್ನೂ ಒಂದೇ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಅವನು ತಿರುಗುವ ಟೇಬಲ್ ಫ್ಯಾನ್ ಬಿಚ್ಚಿ, ಅದರ ಬುಡದ ಮೇಲೆ ಕ್ಯಾಮೆರಾ ಕೂರಿಸುತ್ತಾನೆ. ಕ್ಯಾಮೆರಾ ನಿಧಾನಕ್ಕೆ ಅತ್ತ ಹೋಗುತ್ತದೆ, ನಿಧಾನಕ್ಕೆ ಇತ್ತ ಬರುತ್ತದೆ, ಯಾರ ಅವಸರಕ್ಕೂ ನಿಲ್ಲುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿ ಮೇಜಿಗೆ ಕುಳಿತಿದ್ದಾಳೆ. ಕ್ಯಾಮೆರಾ ಹೊರಳಿ ಹೋಗಿ ವಾಪಸು ಬಂದಾಗ ಅವಳ ಬೆನ್ನ ಹಿಂದೆ ಬಿಳಿ ಚಾದರ ಹೊದ್ದ ಆಕಾರವೊಂದು ನಿಂತಿದೆ. ಮಕ್ಕಳ ಆಟವಿರಬೇಕು ಅನ್ನುವಷ್ಟರಲ್ಲಿ ಚಾದರ ಖಾಲಿಯಾಗಿ ಕೆಳಗೆ ಬೀಳುತ್ತದೆ. ಇಡೀ ಸರಣಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಭಯದ ದೃಶ್ಯ ಮತ್ತೊಂದಿಲ್ಲ. ಬೇಕಾಗಿದ್ದದ್ದು ಒಂದು ಫ್ಯಾನು, ಒಂದು ಚಾದರ, ಮತ್ತು ಕ್ಯಾಮೆರಾ ಆಚೆ ಹೋದಾಗ ಅಲ್ಲಿ ಏನಾಗುತ್ತಿದೆಯೋ ಅನ್ನುವ ಆತಂಕ. ಸರಣಿಯಲ್ಲೇ ಹೆಚ್ಚು ಗಳಿಸಿದ್ದೂ ಇದೇ ಭಾಗ, 20 ಕೋಟಿ ಡಾಲರ್ ದಾಟಿತು.

‘ಘೋಸ್ಟ್ ಡೈಮೆನ್ಷನ್’ ಶುರುವಾಗುವುದು ಆ ಮೂರನೇ ಭಾಗ ನಿಂತಲ್ಲಿಂದಲೇ. ಅಲ್ಲಿಂದ 2013ಕ್ಕೆ ಬಂದು, ರಯಾನ್, ಹೆಂಡತಿ ಎಮಿಲಿ, ಮಗಳು ಲೀಲಾ ಇರುವ ಮನೆಗೆ ಹೋಗುತ್ತದೆ. ಕ್ರಿಸ್‌ಮಸ್ ಸಮಯ, ರಯಾನನ ತಮ್ಮ ಮೈಕ್ ಬಂದಿದ್ದಾನೆ, ಎಮಿಲಿಯ ಗೆಳತಿ ಸ್ಕೈಲರ್ ಇದ್ದಾಳೆ. ಅಣ್ಣತಮ್ಮಂದಿರಿಗೆ ಮನೆಯಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ: ತುಂಬಾ ವಿಎಚ್‌ಎಸ್ ಕ್ಯಾಸೆಟ್, ಜೊತೆಗೆ ಯಾರೋ ಬಿಚ್ಚಿ ತಿದ್ದಿದ ಹಳೆಯ ದೊಡ್ಡ ವಿಡಿಯೊ ಕ್ಯಾಮೆರಾ. ಕ್ಯಾಸೆಟ್ಟುಗಳಲ್ಲಿ ಅದೇ ಸಣ್ಣ ಕೇಟಿ ಮತ್ತು ಕ್ರಿಸ್ಟಿ, ಅವರಿಗೆ ಏನೋ ವಿದ್ಯೆ ಕಲಿಸುತ್ತಿರುವ ಒಬ್ಬ ಗಂಡಸು.

ಇಲ್ಲಿಯವರೆಗೆ ಚಿತ್ರ ಹದವಾಗಿದೆ, ಅದನ್ನು ಹೇಳಲೇಬೇಕು. ಒಂದು ಕ್ಯಾಸೆಟ್ಟಿನಲ್ಲಿ ಆ ಇಬ್ಬರಲ್ಲಿ ಒಬ್ಬ ಹುಡುಗಿ ತನಗೆ ಕಾಣುತ್ತಿರುವುದನ್ನು ಒಂದೊಂದಾಗಿ ವರ್ಣಿಸುತ್ತಾಳೆ, ಮತ್ತು ಅವಳು ವರ್ಣಿಸುತ್ತಿರುವುದು ಇಪ್ಪತ್ತು ವರ್ಷ ಮುಂದೆ ಈ ಕೋಣೆಯಲ್ಲಿ ಕುಳಿತು ಟಿವಿ ನೋಡುತ್ತಿರುವ ಈ ಇಬ್ಬರನ್ನೇ. ಇವರು ಮಾಡಿದ್ದನ್ನು ಅವಳು ಅಲ್ಲಿ ಹೇಳುತ್ತಾಳೆ. ಎಂಥ ಉಪಾಯ ನೋಡ್ರಿ! ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮದುವೆಯಾದ ಎಷ್ಟೋ ಮನೆಗಳ ಅಟ್ಟದಲ್ಲಿ ಇವತ್ತಿಗೂ ಮದುವೆ ಕ್ಯಾಸೆಟ್ ಇವೆ. ಧಾರವಾಡದ ಮಳೆಗಾಲದ ತಂಪಿಗೆ ಟೇಪಿನ ಅಂಚಿಗೆ ಬಿಳಿ ಬೂಜು ಹಿಡಿದು, ಹಾಕಿದರೆ ಚಿತ್ರದ ಅಡ್ಡಕ್ಕೆ ಗೆರೆ ಓಡುತ್ತವೆ, ದನಿ ಜಗ್ಗುತ್ತದೆ. ಅಂಥ ಟೇಪಿನೊಳಗಿಂದ ಯಾರಾದರೂ ನೇರ ನಿಮ್ಮತ್ತ ತಿರುಗಿ ನೋಡಿದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇಕಿಲ್ಲ. ಒಂದು ಟಿವಿ, ಒಂದು ವಿಸಿಆರ್, ಆ ಎರಡು ಕಾಲಗಳ ನಡುವಿನ ಮಾತು, ಇಷ್ಟನ್ನೇ ಹಿಡಿದು ಇಡೀ ಚಿತ್ರ ಮಾಡಬಹುದಿತ್ತು. ಚಿತ್ರ ಇದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು, ಪಕ್ಕಕ್ಕೆ ಸರಿಸಿ, ಇನ್ನೊಂದು ವಸ್ತುವನ್ನು ಎತ್ತಿಕೊಳ್ಳುತ್ತದೆ. ಅದೇ ಆ ಕ್ಯಾಮೆರಾ.

ಆ ಕ್ಯಾಮೆರಾದಲ್ಲಿ ದೆವ್ವ ಕಾಣುತ್ತದೆ. ಬರಿಗಣ್ಣಿಗೆ ಕಾಣದ, ‘ಟೋಬಿ’ ಎಂಬ ಹೆಸರಿನ ಈ ದೆವ್ವ ಅದರಲ್ಲಿ ಕರಿ ಧೂಳಿನ ಹಾಗೆ, ನೀರಿಗೆ ಬಿದ್ದ ಮಸಿಯ ಹಾಗೆ ಗಾಳಿಯಲ್ಲಿ ತೇಲುತ್ತಾನೆ, ಗುಡ್ಡೆಯಾಗುತ್ತಾನೆ, ಆಮೇಲಾಮೇಲೆ ಆಕಾರ ಪಡೆಯುತ್ತಾನೆ. ಮೊದಲ ಸಲ ನಾಲ್ಕು ಕಣ ತೇಲಿದಾಗ ಕುತೂಹಲ ಆಗುವುದು ನಿಜ. ಎರಡನೇ ಸಲಕ್ಕೆ ಅದು ಅಭ್ಯಾಸವಾಗಿರುತ್ತದೆ. ಅಲ್ಲಿಂದ ಮುಂದೆ ನೋಡುವವರ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ. ಬಾಗಿಲು ಅಲುಗಿತೇ, ಹೊದಿಕೆ ಎದ್ದಿತೇ, ಆ ಕತ್ತಲಲ್ಲಿ ಏನಾದರೂ ಇದೆಯೇ ಎಂದು ಹುಡುಕುವುದೇ ಈ ಸರಣಿಯ ಜೀವವಾಗಿತ್ತು. ಇಲ್ಲಿ ಕರಿ ಮೋಡ ಎಲ್ಲಿದೆಯೋ ಟೋಬಿ ಅಲ್ಲಿದ್ದಾನೆ, ಮೋಡ ಇಲ್ಲದಿದ್ದರೆ ಇಲ್ಲ. ಹೆದರಿಕೆಯ ಜಾಗವನ್ನು ಬೆರಳು ಮಾಡಿ ತೋರಿಸಿದ ಮೇಲೆ ಉಳಿದ ಪರದೆಯೆಲ್ಲ ಸುರಕ್ಷಿತವಾಗಿಬಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಕಂಪ್ಯೂಟರಿನಲ್ಲಿ ಮಾಡಿದ ಆಕಾರ ಪರದೆಗೆ ಬಂದ ಕೂಡಲೇ ಇದು ಯಾರೋ ಮನೆಮಂದಿ ತೆಗೆದ ವಿಡಿಯೊ ಅನ್ನುವ ನಂಬಿಕೆ ಕಳಚಿ ಬೀಳುತ್ತದೆ. ಅಲುಗಿದ ಬಾಗಿಲಿನಲ್ಲಿ ಆ ಅಪಾಯ ಇರಲಿಲ್ಲ, ಬಾಗಿಲು ನಿಜವಾದದ್ದು.

ಇದರ ಮೇಲೆ ತ್ರೀಡಿ. ಸರಣಿಯಲ್ಲಿ ತ್ರೀಡಿಗೆ ಬಂದ ಭಾಗ ಇದೊಂದೇ. ಕಣಗಳು ಮೈಮೇಲೆ ಬಂದಂತೆ, ಟೋಬಿ ಲೆನ್ಸಿಗೇ ಹಾರಿದಂತೆ ಮಾಡಿದ ಶಾಟುಗಳು ಚಿತ್ರದ ತುಂಬ ಇವೆ. ಇವತ್ತು ಇದನ್ನು ನೋಡುವವರು ಮನೆಯ ಟಿವಿಯಲ್ಲೋ ಮೊಬೈಲಿನಲ್ಲೋ ನೋಡುತ್ತಾರೆ, ಅಲ್ಲಿ ಆ ಶಾಟುಗಳು ಚಪ್ಪಟೆಯಾಗಿ, ಕಾರಣವಿಲ್ಲದೆ ಏನೋ ಹತ್ತಿರ ಬಂದು ಹೋದಂತೆ ಕಾಣುತ್ತವೆ. ಮೊದಲ ಚಿತ್ರವನ್ನು ಸಣ್ಣ ಪರದೆಯಲ್ಲಿ ನೋಡಿದರೂ ಕೆಡುವುದು ಕಡಿಮೆ, ಬಾಗಿಲು ಎಷ್ಟು ಸಣ್ಣದಾಗಿ ಕಂಡರೂ ಬಾಗಿಲೇ. ‘ಘೋಸ್ಟ್ ಡೈಮೆನ್ಷನ್’ ನೆಚ್ಚಿಕೊಂಡದ್ದೇ ಮನೆಗೆ ಬರಲಾರದ ಒಂದು ತಂತ್ರವನ್ನು.

ಕರಾರು ಮುರಿದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ವಿಡಿಯೊ ಕ್ಯಾಮೆರಾಕ್ಕೆ ಬ್ಯಾಟರಿ ಗಂಟೆಯೊಳಗೆ ಇಳಿಯುವುದು, ಟೇಪ್ ಮುಗಿಯುವುದು, ಕತ್ತಲಲ್ಲಿ ಚಿತ್ರ ಕಾಳುಕಾಳಾಗುವುದು, ಹೀಗೆ ನೂರು ಕಷ್ಟ. ಒಂದೊಂದು ಕಷ್ಟವೂ ಒಂದೊಂದು ದೃಶ್ಯಕ್ಕೆ ಆಗುತ್ತಿತ್ತು. ಟೋಬಿ ಬಂದ ಹೊತ್ತಿಗೆ ಟೇಪ್ ಮುಗಿದರೆ? ಕಾಣಿಸುವ ಕ್ಯಾಮೆರಾ ಒಂದೇ ಇದ್ದು, ಅದು ಚಾರ್ಜಿಗೆ ಹಾಕಿದ್ದಾಗ ಮಗು ಕೂಗಿದರೆ? ಇಂಥ ಯಾವ ಮಿತಿಯನ್ನೂ ಚಿತ್ರ ಬಳಸಿಕೊಳ್ಳಲಿಲ್ಲ. ಕೊನೆಯ ಭಾಗದಲ್ಲಿ ಓಡುವಾಗ, ಮಗಳು ಕೈತಪ್ಪಿ ಹೋಗುವಾಗಲೂ ಕ್ಯಾಮೆರಾ ಕೈಯಲ್ಲೇ ಇರುತ್ತದೆ, ಏಕೆ ಅಂತ ಕೇಳಿದರೆ ಉತ್ತರವಿಲ್ಲ. ಈ ಪ್ರಶ್ನೆಗೆ ಎರಡನೇ ಭಾಗ (2010) ಎಷ್ಟು ಸಲೀಸಾಗಿ ಉತ್ತರ ಕೊಟ್ಟಿತ್ತು: ಮನೆಗೆ ಕಳ್ಳರು ನುಗ್ಗಿದ ಹಾಗಾಯಿತು, ಸಿಸಿ ಕ್ಯಾಮೆರಾ ಹಾಕಿಸಿದರು, ಅವು ತಮ್ಮಷ್ಟಕ್ಕೆ ತೆಗೆಯುತ್ತ ಇದ್ದವು. ಹಾಡಹಗಲಿನಲ್ಲಿ ಅಡುಗೆಮನೆಯ ಎಲ್ಲ ಕಪಾಟುಗಳೂ ಒಮ್ಮೆಗೇ ಧಡ್ ಎಂದು ತೆರೆದುಕೊಳ್ಳುವ ಆ ದೃಶ್ಯ ನಿಂತಿದ್ದೇ ಅದಕ್ಕೂ ಮೊದಲು ಏನೂ ಆಗದೆ ಕಳೆದ ನಿಮಿಷಗಳ ಮೇಲೆ. ‘ಘೋಸ್ಟ್ ಡೈಮೆನ್ಷನ್’ಗೆ ಹಾಗೆ ಸುಮ್ಮನಿರಲು ಆಗುವುದಿಲ್ಲ.

ಸದ್ದಿನ ಕಥೆಯೂ ಇದೇ. ಮೊದಲ ಚಿತ್ರದಲ್ಲಿ ಏನಾದರೂ ಆಗುವ ಮುಂಚೆ ಕಿವಿಗಿಂತ ಎದೆಗೆ ತಾಗುವಂಥ ಕೆಳದನಿಯ ಗುಡುಗುಡು ಬರುತ್ತಿತ್ತು. ಇಲ್ಲಿ ಅದರ ಬದಲು ಧಡಾರ್ ಅನ್ನುವ ಹೊಡೆತಗಳು. ಬೆಚ್ಚಿಬೀಳುತ್ತೀರಿ, ಎರಡು ಕ್ಷಣಕ್ಕೆ ಮರೆಯುತ್ತೀರಿ.

ನಿರ್ದೇಶಕ ಗ್ರೆಗರಿ ಪ್ಲಾಟ್‌ಕಿನ್ ಈ ಸರಣಿಗೆ ಹೊಸಬನಲ್ಲ, ಹಿಂದಿನ ಭಾಗಗಳ ಸಂಕಲನ ಮಾಡಿದವನೇ. ಒಂದು ಶಾಟನ್ನು ಎಷ್ಟು ಹೊತ್ತು ಹಿಡಿದಿಟ್ಟರೆ ಜನ ಕುರ್ಚಿಯ ತುದಿಗೆ ಬರುತ್ತಾರೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ನಿರಾಸೆ ಹೆಚ್ಚಾಗುವುದು ಅದಕ್ಕೇ. ಚಿತ್ರಕತೆಗೆ ನಾಲ್ವರ ಹೆಸರಿದೆ, ನೋಡುವಾಗಲೂ ಹಾಗೇ ಅನಿಸುತ್ತದೆ: ಒಂದು ಎಳೆ ಕ್ಯಾಸೆಟ್ಟಿನದು, ಒಂದು ಮಗುವಿನದು, ಒಂದು ಪಾದ್ರಿ ಬಂದು ಭೂತ ಬಿಡಿಸುವುದು, ಒಂದು ಗೋಡೆಯಲ್ಲಿ ತೆರೆದುಕೊಳ್ಳುವ ಕಾಲದ ಬಾಗಿಲು. ಪಾದ್ರಿಯ ಭಾಗ ಇನ್ಯಾವುದೋ ಚಿತ್ರದಿಂದ ಬಂದಂತಿದೆ.

ಪ್ರಚಾರದಲ್ಲಿ ಇದೇ ಕೊನೆಯ ಭಾಗ, ಎಲ್ಲ ಪ್ರಶ್ನೆಗೂ ಉತ್ತರ ಸಿಗುತ್ತದೆ ಎಂದಿದ್ದರು. ಸಿಕ್ಕ ಉತ್ತರ ಇಷ್ಟು: ಟೋಬಿಗೆ ಮನುಷ್ಯನ ದೇಹ ಬೇಕಿತ್ತು, ಅದಕ್ಕೆ ಮಕ್ಕಳ ರಕ್ತ ಬೇಕಿತ್ತು, ಲೀಲಾ ಗೋಡೆಯ ಬಾಗಿಲು ದಾಟಿ 1992ಕ್ಕೆ ಹೋಗುತ್ತಾಳೆ, ಹಿಂದೆ ಹೋದ ತಾಯಿ ಸಾಯುತ್ತಾಳೆ. ಮೊದಲ ಚಿತ್ರದಿಂದ ಜನ ಹಿಂಬಾಲಿಸಿಕೊಂಡು ಬಂದದ್ದು ಕೇಟಿಯನ್ನು. ದೊಡ್ಡವಳಾದ ಆ ಕೇಟಿಗೆ ಕಡೆಗೆ ಏನಾಯಿತು ಎಂಬುದಕ್ಕೆ ಈ 88 ನಿಮಿಷಗಳಲ್ಲಿ ಉತ್ತರವಿಲ್ಲ. ಐದು ಚಿತ್ರ ಕಾದ ಪ್ರೇಕ್ಷಕರಿಗೆ ಇದು ಅನ್ಯಾಯ.

ಗಳಿಕೆಯ ವಿಷಯದಲ್ಲಿ ಮಾತ್ರ ಚಿತ್ರದ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸರಿಯಲ್ಲ. ಸುಮಾರು 1 ಕೋಟಿ ಡಾಲರ್‌ನಲ್ಲಿ ತಯಾರಾದ ಇದು 7.8 ಕೋಟಿಯಷ್ಟು ಗಳಿಸಿತು, ಅಲ್ಲಿಯವರೆಗಿನ ಭಾಗಗಳಲ್ಲಿ ಅದೇ ಕಡಿಮೆ. ಆದರೆ ಚಿತ್ರದ ವಿತರಕರಾದ ಪ್ಯಾರಾಮೌಂಟ್ ಕಂಪನಿ ಆಗ ಒಂದು ಪ್ರಯೋಗ ಮಾಡಿತ್ತು: ಚಿತ್ರ 300ಕ್ಕಿಂತ ಕಡಿಮೆ ಚಿತ್ರಮಂದಿರಗಳಿಗೆ ಇಳಿದ 17 ದಿನಕ್ಕೆ ಮನೆಯಲ್ಲಿ ನೋಡಲು ಬಿಡುವುದು. ಎಎಂಸಿ ಮತ್ತು ಸಿನೆಪ್ಲೆಕ್ಸ್ ಒಪ್ಪಿದವು, ಬೇರೆ ದೊಡ್ಡ ಚಿತ್ರಮಂದಿರ ಕಂಪನಿಗಳು ಒಪ್ಪಲಿಲ್ಲ. ಹಾಗಾಗಿ ಅಮೆರಿಕದಲ್ಲಿ 1,656 ಚಿತ್ರಮಂದಿರಗಳಲ್ಲಷ್ಟೇ ತೆರೆ ಕಂಡಿತು.

ಈಗ ನಮ್ಮ ಊರಿನ ಹುಡುಗರಿಗೆ, ಈ ಸೋಲಿನಿಂದ ಎತ್ತಿಕೊಳ್ಳಬಹುದಾದದ್ದು. ಮೊದಲು ಕ್ಯಾಮೆರಾ ಯಾರದು, ಏಕೆ ಆನ್ ಇದೆ, ಏನನ್ನು ಅದು ನೋಡಲಾರದು ಎಂಬ ಮೂರು ಸಾಲು ಬರೆದುಕೊಂಡೇ ಕಥೆಗೆ ಇಳಿಯಿರಿ. ಮೂರನೆಯದೇ ಮುಖ್ಯ, ಭಯ ಹುಟ್ಟುವುದು ಅಲ್ಲಿ. ಅಂಗಡಿಯ ಸಿಸಿ ಕ್ಯಾಮೆರಾ ಎಂದರೆ ಅದು ತಿರುಗುವುದಿಲ್ಲ, ಎಷ್ಟೋ ಕಡೆ ದನಿ ಇರುವುದಿಲ್ಲ, ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಕಪ್ಪುಬಿಳುಪಾಗುತ್ತದೆ, ಹತ್ತಿರ ಬಂದ ಮುಖ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ದೃಶ್ಯ ಉಳಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನ ಹಾರ್ಡ್‌ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಇದರಲ್ಲಿ ಒಂದೊಂದೂ ಕಥೆಯ ತಿರುವು ಆಗಬಲ್ಲದು.

ಹಳೇ ಧಾರವಾಡದ ಮನೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿದ್ದು ಬಾಗಿಲುಗಳು ನೇರಕ್ಕಿದ್ದರೆ, ಪಡಸಾಲೆಯಲ್ಲಿ ಎದೆಮಟ್ಟಕ್ಕೆ ಇಟ್ಟ ಒಂದೇ ಮೊಬೈಲಿಗೆ ಹಿತ್ತಲ ಬಾಗಿಲಿನವರೆಗೂ ಕಾಣುತ್ತದೆ. ಮುಂದಿನ ಕೋಣೆಯಲ್ಲಿ ಬೆಳಕಿರಲಿ, ನಡುಮನೆ ಅರೆಗತ್ತಲು, ಹಿಂದಿನದು ಪೂರ್ತಿ ಕತ್ತಲು. ಮೊಬೈಲಿನ ಎಕ್ಸ್‌ಪೋಷರ್ (ಬೆಳಕಿನ ಅಳತೆ) ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ. ಮಾಡದಿದ್ದರೆ ಯಾರಾದರೂ ಅಡ್ಡ ಹಾದಾಗಲೆಲ್ಲ ಚಿತ್ರ ಬೆಳ್ಳಗೆ, ಕರ್ರಗೆ ಏರಿಳಿಯುತ್ತದೆ, ಹಿಂದಿನ ಕತ್ತಲೂ ತಾನಾಗಿ ಬೆಳಗಿ ಗುಟ್ಟು ಬಯಲಾಗುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ ವೇಗ 1/50 ಇಲ್ಲವೇ 1/100 ಸೆಕೆಂಡು ಮಾಡಿ, ಇಲ್ಲದಿದ್ದರೆ ಪರದೆಯ ಮೇಲೆ ಪಟ್ಟೆ ಓಡುತ್ತವೆ. 1080ಪಿ ಗುಣಮಟ್ಟದಲ್ಲಿ ನಿಮಿಷಕ್ಕೆ 100ರಿಂದ 150 ಎಂಬಿ ಜಾಗ ಬೇಕೆಂದು ಲೆಕ್ಕ ಹಿಡಿಯಿರಿ. ಒಂದೇ ಶಾಟನ್ನು ಹತ್ತು ನಿಮಿಷ ತೆಗೆದು, ಓಡುವ ಅಂಕಿಯೊಂದಿಗೆ ವೇಗ ಹೆಚ್ಚಿಸಿ, ಮಾಮೂಲಿ ವೇಗಕ್ಕೆ ತಂದ ಮೇಲೆ ಕನಿಷ್ಠ 15 ಸೆಕೆಂಡು ಏನೂ ಆಗಗೊಡಬೇಡಿ. ಬಾಗಿಲು ಎಳೆಯಲು ಮೀನು ಹಿಡಿಯುವ ತೆಳು ನೈಲಾನ್ ದಾರ ಸಾಕು. ಅದನ್ನು ಬಾಗಿಲಿನ ಕ್ಯಾಮೆರಾಕ್ಕೆ ಕಾಣದ ಬದಿಗೆ, ಚಿಲಕದ ಎತ್ತರದಲ್ಲಿ ಕಟ್ಟಿ. ಬೆಳಕಿನ ಎದುರಿಗೆ ಬಂದರೆ ದಾರ ಮಿಂಚುತ್ತದೆ. ಕೀಲಿಗೆ ಎಣ್ಣೆ ಹಾಕಿದರೆ ನಿಧಾನಕ್ಕೆ ಸರಿಯುತ್ತದೆ, ಜಗ್ಗಿದ್ದು ಗೊತ್ತಾಗುವುದಿಲ್ಲ. ದೆವ್ವದ ಮೇಕಪ್ಪಿಗೆ ದುಡ್ಡು ಹಾಕುವ ಬದಲು ಒಂದು ಒಳ್ಳೆಯ ಮೈಕಿಗೆ ಹಾಕಿ.

ಇಷ್ಟಾದರೂ ನೋಡಿಯೇ ತೀರುತ್ತೇನೆ ಎನ್ನುವವರು ಸದ್ದಿನ ವ್ಯವಸ್ಥೆ ಮೊದಲು ನೋಡಿಕೊಳ್ಳಿ. ಟಿವಿಯ ಸ್ವಂತ ಸ್ಪೀಕರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ದನಿ ಸರಿಯಾಗಿ ಬರುವುದಿಲ್ಲ, ಮೊದಲ ಭಾಗದ ಆ ಗುಡುಗುಡು ಅಲ್ಲೇ ಸತ್ತುಹೋಗುತ್ತದೆ. ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ಬೇಕು, ಇಲ್ಲವೇ ಕಿವಿ ಮುಚ್ಚುವ ಹೆಡ್‌ಫೋನ್. ಟಿವಿಯನ್ನು ವಿವಿಡ್ ಮೋಡಿನಿಂದ ಸಿನಿಮಾ ಮೋಡಿಗೆ ತನ್ನಿ, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಬಂದ್ ಮಾಡಿ, ಅದು ಹಳೆಯ ಟೇಪಿನ ದೃಶ್ಯಗಳನ್ನು ಧಾರಾವಾಹಿಯಂತೆ ಮಾಡಿಬಿಡುತ್ತದೆ. ಪರದೆಗೆ ಪ್ರತಿಫಲಿಸುವ ಟ್ಯೂಬ್‌ಲೈಟ್ ಆರಿಸಿ.

ನೋಡುವ ಕ್ರಮ ಬಿಡುಗಡೆಯದೇ ಇರಲಿ: 2009ರದು, 2010ರದು, 2011ರದು. 2012ರ ನಾಲ್ಕನೆಯದರಲ್ಲಿ ಎಕ್ಸ್‌ಬಾಕ್ಸ್ ವಿಡಿಯೊ ಗೇಮಿನ ಕೈನೆಕ್ಟ್ ಕ್ಯಾಮೆರಾ ಚೆಲ್ಲುವ ಇನ್‌ಫ್ರಾರೆಡ್ ಚುಕ್ಕೆಗಳ ನಡುವೆ ಆಕಾರ ಹಾಯುವ ಉಪಾಯವೊಂದು ಚೆನ್ನಾಗಿದೆ, ಉಳಿದದ್ದು ಸಾಧಾರಣ, ಬಿಟ್ಟರೂ ನಡೆಯುತ್ತದೆ. ಅದರ ನಂತರ 2014ರ ‘ದಿ ಮಾರ್ಕ್ಡ್ ಒನ್ಸ್’ ನೋಡಿ. ಬೇರೆ ಕುಟುಂಬದ ಕಥೆಯಾದರೂ ಕೊನೆಯಲ್ಲಿ ಒಂದು ಬಾಗಿಲು ದಾಟಿದವನು ಮೊದಲ ಚಿತ್ರದ ಕೇಟಿಯ ಮನೆಯೊಳಗೆ ಹೋಗಿ ಬೀಳುತ್ತಾನೆ. ‘ಘೋಸ್ಟ್ ಡೈಮೆನ್ಷನ್’ ಅಷ್ಟು ಖರ್ಚು ಮಾಡಿ ಮಾಡಲಾಗದ ಮುಕ್ತಾಯವನ್ನು ಅದು ಕೆಲವೇ ನಿಮಿಷದಲ್ಲಿ ಮಾಡುತ್ತದೆ. 2021ರ ‘ನೆಕ್ಸ್ಟ್ ಆಫ್ ಕಿನ್’ ಆಧುನಿಕ ಸೌಕರ್ಯಗಳಿಂದ ದೂರ ಬದುಕುವ ಆಮಿಶ್ ಎಂಬ ಕ್ರೈಸ್ತ ಸಮುದಾಯದ ನಡುವೆ ನಡೆಯುವ ಬೇರೆಯದೇ ಕಥೆ, ಅದಕ್ಕಾಗಿ ಈ ಚಿತ್ರವನ್ನು ನೋಡಿರಬೇಕಾದ ಅಗತ್ಯವೂ ಇಲ್ಲ.